ಮೂಗುಬೊಟ್ಟಿನ ಪುಸ್ತಕ

ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಅಲಾರಾಂ ಅಲ್ಲ, ಕೆಳಗಿನ ಮನೆಯ ಅಜ್ಜಿಯ ಮೋಟಾರು. ಅವರು ಸ್ವಿಚ್ಚು ಒತ್ತಿದ ಕೂಡಲೇ ನಮ್ಮ ಅಡುಗೆಮನೆಯ ಗೋಡೆಯೊಳಗಿನ ಪೈಪು ಒಮ್ಮೆ ಕೆಮ್ಮಿ, ಆಮೇಲೆ ಗುಂಯ್ ಎನ್ನತೊಡಗುತ್ತದೆ. ನಾನು ಹೇಳಹೊರಟ ದಿನವೂ ಅದೇ ಕೆಮ್ಮಿಗೆ ಎದ್ದೆ. ಗೇಟಿಗೆ ಸಿಕ್ಕಿಸಿದ್ದ ಚೀಲದಿಂದ ಹಾಲು ತೆಗೆದುಕೊಂಡು ಬಂದೆ. ಮೆಟ್ಟಿಲ ಮೇಲೆಲ್ಲ ಮಂಜಿನ ತೇವ. ಮಂಜು ಬಿದ್ದ ದಿನ ಚಿಕ್ಕಬಾಣಾವರದ ಸ್ಟೇಷನ್ನಿನ ರೈಲು ನಮ್ಮ ಬೀದಿಯಲ್ಲೇ ಹೋದ ಹಾಗೆ ಕೂಗುತ್ತದೆ. ಅಂಗಳದಲ್ಲಿ ಅಜ್ಜಿ ಹಿಂದಿನ ದಿನ ಬಿಡಿಸಿದ ಅವರೆಕಾಯಿಯ ಸಿಪ್ಪೆ ಗುಡ್ಡೆ ಬಿದ್ದು, ಇಡೀ ಕಾಂಪೌಂಡು ಸೊಗಡು ಸೊಗಡಾಗಿತ್ತು.

ನಾವಿರುವುದು ಅಜ್ಜಿಯ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಒಂದು ಕಾಲಕ್ಕೆ ಈ ಜಾಗದಲ್ಲಿ ಅವರದೇ ರಾಗಿ ಹೊಲವಿತ್ತಂತೆ. ನಮ್ಮ ಯಜಮಾನರಿಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಅವರೂ ಕಾಲೇಜಿಗೆ ಹೋಗುವ ಮಗಳೂ ಮನೆ ಬಿಡುವ ತನಕ ನನ್ನ ಬೆಳಗು ನನ್ನದಲ್ಲ. ಆದರೂ ಅದರೊಳಗೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಕುಕ್ಕರು ಒಂದು ಸಲ ಕೂಗಿದ ಮೇಲೆ ಇನ್ನೊಂದು ಸಲ ಕೂಗುವ ತನಕ. ಹಾಲು ಉಕ್ಕಲು ಇನ್ನೇನು ಬಂತು ಎನ್ನುವ ತನಕ. ಆ ಸಂದುಗಳಲ್ಲಿ ನಾನು ಓದುತ್ತೇನೆ. ಹುಳಿಪುಡಿಯ ಡಬ್ಬಿಗೆ ಫೋನನ್ನು ಒರಗಿಸಿ ನಿಲ್ಲಿಸಿರುತ್ತೇನೆ. ಹಿಟ್ಟಿನ ಕೈ ತಾಗೀತೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರು. ಪುಟ ಸರಿಸಲು ಕಿರುಬೆರಳಿನ ಗೆಣ್ಣು.

ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಫೋಟೋ ಹಿಡಿದು, ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಪುಕ್ಕಟೆಯಾಗಿ ಇಟ್ಟಿರುವ ಜಾಗವೊಂದು ಇಂಟರ್‌ನೆಟ್ಟಿನಲ್ಲಿದೆ ಎಂದು ತೋರಿಸಿಕೊಟ್ಟವಳು ಮಗಳು. ಅವಳು ತನ್ನ ಕಾಲೇಜಿನ ಯಾವುದೋ ಕೆಲಸಕ್ಕೆ ಹುಡುಕುತ್ತಿದ್ದಳು. ನಾನು ಹಿಂದೆ ನಿಂತು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. "ಅಮ್ಮಾ, ಇದೆಲ್ಲಾ ನಿನ್ ಕಾಲದ್ದು, ನೋಡು ಬೇಕಾದ್ರೆ" ಎಂದಳು. ನನ್ನ ಕಾಲಕ್ಕಿಂತ ಬಹಳ ಹಿಂದಿನವು. ಆದರೆ ಅವಳ ಪಾಲಿಗೆ ಹಿಂದಿನದೆಲ್ಲ ಒಂದೇ.

ಮೊದಲು ನಾನು ಹೋದದ್ದು ಇಂಗ್ಲಿಷ್ ಕಾದಂಬರಿಗಳ ಹತ್ತಿರ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಗಾಜಿನ ಬಾಗಿಲಿನ ಬೀರುವೊಂದಿತ್ತು, ಅದರ ಬೀಗದ ಕೈ ಸಿಸ್ಟರ್ ಅವರ ಸೊಂಟದ ದಾರದಲ್ಲಿರುತ್ತಿತ್ತು. ನಮಗೆ ಕೊಡುತ್ತಿದ್ದದ್ದು ಮಕ್ಕಳಿಗೆಂದು ಚಿಕ್ಕದು ಮಾಡಿದ ಕಾದಂಬರಿಗಳು. ಅದರಲ್ಲೂ ಅಲ್ಲಲ್ಲಿ ನಾಲ್ಕೈದು ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿರುತ್ತಿದ್ದರು. ನಾವು ಹುಡುಗಿಯರು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗೇನಿದೆಯೆಂದು ಓದಲು ಹೆಣಗಿ, ಓದಲಾಗದೆ, ನಮಗೆ ತೋಚಿದ್ದನ್ನು ಸೇರಿಸಿಕೊಂಡು ಕಿಸಿಕಿಸಿ ನಗುತ್ತಿದ್ದೆವು. ಇಷ್ಟು ವರ್ಷದ ಮೇಲೆ ಇಡೀ ಪುಸ್ತಕಗಳೇ ಸಿಕ್ಕಾಗ ನಾನು ಹುಡುಕಿಕೊಂಡು ಹೋದದ್ದು ಅದೇ ಪುಟಗಳಿಗೆ. ಕಾಗದದ ಕೆಳಗೆ ಅಂಥದ್ದೇನೂ ಇರಲಿಲ್ಲ. ಒಬ್ಬ ಹುಡುಗ ಒಬ್ಬ ಹುಡುಗಿಯ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ, ಅಷ್ಟೆ. ನಾವು ಸೇರಿಸಿಕೊಂಡದ್ದೇ ಚೆನ್ನಾಗಿತ್ತು.

ಅಲ್ಲಿಂದ ನಾನು ಕನ್ನಡದ ಕಡೆ ಹೊರಳಿದೆ. ಹೊರಳಿದ್ದಕ್ಕೆ ಕಾರಣ ಒಂದೇ ಒಂದು ಪುಸ್ತಕ. ಅದರ ಹೆಸರು ನನಗೆ ಗೊತ್ತಿರಲಿಲ್ಲ. ಬರೆದವರು ಯಾರೆಂದೂ ಗೊತ್ತಿರಲಿಲ್ಲ. ನನ್ನ ಅಮ್ಮ ಓದುತ್ತಿದ್ದ ಪುಸ್ತಕ ಅದು, ನನಗೆ ಬೇಕಾಗಿದ್ದದ್ದು ಅಷ್ಟೇ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು. ನಾವು ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮಧ್ಯಾಹ್ನದ ಸೈರನ್ನು ಆಗಿ, ಊಟಕ್ಕೆ ಬಂದ ಗಂಡಸರು ಸೈಕಲ್ಲು ಹತ್ತಿ ವಾಪಸು ಹೋದ ಮೇಲೆ, ನಮ್ಮ ಮನೆಯ ಜಗಲಿಗೆ ಸಾಲುಮನೆಗಳ ಹೆಂಗಸರು ಬರುತ್ತಿದ್ದರು. ಯಾರೂ ಬರಿಗೈಲಿ ಬರುತ್ತಿರಲಿಲ್ಲ. ಒಬ್ಬರ ಮೊರದಲ್ಲಿ ಅಕ್ಕಿ, ಒಬ್ಬರ ಮಡಿಲಲ್ಲಿ ಉಲ್ಲನ್ನು, ಒಬ್ಬರ ಕೈಲಿ ಬತ್ತಿ ಹೊಸೆಯುವ ಹತ್ತಿ. ಕೆಲವರಿಗೆ ಮನೆಮಾತು ತಮಿಳು, ಕೆಲವರಿಗೆ ತೆಲುಗು, ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದವರೂ ಬರುವುದಿಲ್ಲ ಎಂಬಂತೆ ಕೂತಿರುತ್ತಿದ್ದರು. ಅಮ್ಮ ಕಂಬಕ್ಕೆ ಒರಗಿ ದಿನಕ್ಕೊಂದು ಪ್ರಕರಣ ಓದುತ್ತಿದ್ದಳು. ರೇಡಿಯೋದವರಂತೆ ಓದುತ್ತಿರಲಿಲ್ಲ ಅವಳು. ಹಿಂದಿನ ಬೀದಿಯಲ್ಲಿ ಆಗಲೇ ನಡೆದದ್ದನ್ನು ಬಂದು ಹೇಳುವವಳ ಹಾಗೆ ಓದುತ್ತಿದ್ದಳು. ಪುಸ್ತಕದಲ್ಲಿ ಚಂದ್ರೋದಯದ ವರ್ಣನೆ ಬಂದರೆ, "ಅವನ ಪಾಡಿಗೆ ಅವನು ಹುಟ್ಕೊಳ್ಲಿ, ನಮಗೆ ಕೆಲಸ ಇದೆ" ಎಂದು ಒಂದು ಹಾಳೆ ಮಗುಚಿಬಿಡುವಳು. ಕಥೆಯಲ್ಲಿ ಯಾರಿಗಾದರೂ ಅನ್ಯಾಯವಾದರೆ ಹೆಂಗಸರು ಅಮ್ಮನ ಮೇಲೆ ಹರಿಹಾಯುತ್ತಿದ್ದರು.

"ಏನ್ರೀ ಇದು, ಆ ಹುಡುಗಿ ಏನ್ ಪಾಪ ಮಾಡಿದ್ಳು ಅಂತ?"

"ನಾನೇನ್ ಬರ್ದಿದೀನೇನ್ರೀ? ಇದ್ದದ್ದನ್ನ ಇದ್ದ ಹಾಗೆ ಓದ್ತಿದೀನಪ್ಪ" ಎನ್ನುವಳು ಅಮ್ಮ.

ನಾನು ಬಾಗಿಲ ಒಳಗಡೆ ಹೋಮ್‌ವರ್ಕು ಹರಡಿಕೊಂಡು ಕೂತಿರುತ್ತಿದ್ದೆ. ಕಿವಿ ಮಾತ್ರ ಹೊರಗೆ. ರಜೆ ಬಂದರೆ ಕಂಬದ ಈಚೆ ಬದಿಗೆ ಜಾಗ ಸಿಗುತ್ತಿತ್ತು, ಅಮ್ಮನ ಸೀರೆಯ ಸೋಪಿನ ವಾಸನೆ ಬರುವಷ್ಟು ಹತ್ತಿರ.

ಪುಸ್ತಕಗಳು ಬರುತ್ತಿದ್ದದ್ದು ಮಹಿಳಾ ಸಮಾಜದ ಬೀರುವಿನಿಂದ. ಅಲ್ಲೊಂದು ಪದ್ಧತಿಯಿತ್ತು. ಪುಸ್ತಕ ಬಂದ ಕೂಡಲೇ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಒಳಹೊರಗು ಮಾಡಿ ಬಿಗಿಯಾಗಿ ಹೊದಿಕೆ ಹಾಕಿಬಿಡುತ್ತಿದ್ದರು. ಹೆಸರಿನ ಜಾಗದಲ್ಲಿ ಬಿಳುಪು, ಬೆನ್ನಿಗೊಂದು ನಂಬರು. ಕೈಯಿಂದ ಕೈಗೆ ಹೋಗಿ ಒಳಗಿನ ಮೊದಲ ಹಾಳೆಗಳು ಕಿತ್ತುಹೋದ ಮೇಲೆ ಆ ಪುಸ್ತಕದ ನಿಜವಾದ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೆಂಗಸರೇ ಹೆಸರಿಡುತ್ತಿದ್ದರು. ಕಳ್ಳ ಸನ್ಯಾಸಿ ಪುಸ್ತಕ, ಎರಡನೇ ಹೆಂಡತಿ ಪುಸ್ತಕ. ನಾನು ಹುಡುಕುತ್ತಿದ್ದದ್ದು ಮೂಗುಬೊಟ್ಟಿನ ಪುಸ್ತಕ.

ಅದರ ಮೊದಲಲ್ಲೇ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ರೊಟ್ಟಿ ತಟ್ಟುವಾಗ ಅವಳ ಮೂಗುಬೊಟ್ಟು ಹಿಟ್ಟಿನೊಳಗೆ ಬಿದ್ದುಹೋಗುತ್ತದೆ. ಸಿಕ್ಕುವುದು ಅತ್ತೆಯ ದವಡೆಗೆ. ಜಗಲಿಯ ಹೆಂಗಸರು ಬಿದ್ದು ಬಿದ್ದು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅತ್ತೆ ನಗುವುದಿಲ್ಲ. ಸೊಸೆ ತನ್ನನ್ನು ಕೊಲ್ಲಲು ನೋಡಿದಳೆಂದು ಊರಿಗೆಲ್ಲ ಹೇಳುತ್ತಾಳೆ. ನಗುವಿನಿಂದ ಶುರುವಾದದ್ದು ಅಲ್ಲಿಂದ ಇಳಿಯುತ್ತಾ ಹೋಗುತ್ತದೆ. ಹುಡುಗಿಯನ್ನು ತವರಿಗೆ ಅಟ್ಟುತ್ತಾರೆ, ತವರಿನಲ್ಲಿ ಅತ್ತಿಗೆಗೆ ಅವಳು ಬೇಡ.

ಅಮ್ಮ ಹೋಗಿ ಕೆಲವು ವರ್ಷಗಳಾದವು. ಅವಳ ಫೋಟೋ ಇದೆ, ಸೀರೆಗಳಿವೆ, ಅವಳು ಬಳಸುತ್ತಿದ್ದ ಈಳಿಗೆಮಣೆ ಇದೆ. ಇಲ್ಲದಿರುವುದು ಅವಳ ದನಿ. ನಮ್ಮ ಕಾಲದಲ್ಲಿ ಯಾರೂ ದನಿಯನ್ನು ಹಿಡಿದಿಡುತ್ತಿರಲಿಲ್ಲ. ಆಮೇಲೆ ಹಿಡಿದಿಡುವ ಕಾಲ ಬಂದಾಗ ಅವಳು ಓದುವುದನ್ನು ಬಿಟ್ಟಿದ್ದಳು. ಆ ಪುಸ್ತಕ ಸಿಕ್ಕಿದರೆ ಅದರ ಸಾಲುಗಳ ಹಿಂದೆ ಆ ದನಿಯೂ ಸಿಕ್ಕೀತು ಎಂದು ನನಗೆ ಆಸೆ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಹುಡುಕುವುದು ಹೇಗೆ? ಒಂದೊಂದನ್ನೇ ತೆರೆದು ನೋಡುವುದು.

ಮಗಳು ನಗುತ್ತಿದ್ದಳು. "ಹೀಗೆ ಹುಡುಕಿದ್ರೆ ನಿಂಗೆ ಸಿಗಲ್ಲಮ್ಮಾ."

"ಸಿಗೋ ತನಕ ಬೇರೆ ಪುಸ್ತಕ ಓದ್ದಂಗಾಯ್ತಲ್ಲ" ಎನ್ನುತ್ತಿದ್ದೆ.

ಹಾಗೆ ತೆರೆದು ತೆರೆದು ಆ ಹಳೆಯ ಪುಸ್ತಕಗಳ ಪರಿಚಯ ಬೆಳೆಯಿತು. ಕೆಲವು ಪುಟಗಳ ಅಂಚಿನಲ್ಲಿ ಫೋಟೋ ಹಿಡಿದವರ ಹೆಬ್ಬೆರಳು ಬಂದಿರುತ್ತದೆ. ಒಂದು ಹೆಬ್ಬೆರಳಿಗೆ ಕೆಂಪು ನೇಲ್ ಪಾಲಿಶ್ ಇತ್ತು, ಅರ್ಧ ಕಿತ್ತುಹೋದದ್ದು. ಯಾವ ಊರಿನ ಹುಡುಗಿಯೋ, ದಿನವಿಡೀ ನಿಂತು ಹಾಳೆ ಮಗುಚುತ್ತಿದ್ದಿರಬೇಕು. ಕೆಲವು ಪುಸ್ತಕಗಳಲ್ಲಿ ಹುಳು ಕೊರೆದ ತೂತುಗಳಿವೆ. ತೂತಿನೊಳಗಿಂದ ಮುಂದಿನ ಪುಟದ ಒಂದು ಅಕ್ಷರ ಇಣುಕಿ ಈ ಪುಟದ ಮಾತಿನಲ್ಲಿ ತಲೆ ಹಾಕುತ್ತದೆ. ಒಂದು ಕಡೆ ಅರಿಶಿನದ ಬೆರಳಿನ ಗುರುತು. ಅಡುಗೆಮನೆಯಲ್ಲಿ ಓದಿದವಳು ನಾನೊಬ್ಬಳೇ ಅಲ್ಲ ಎಂದು ಅಂದು ಸಮಾಧಾನವಾಯಿತು.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಡಬ್ಬಿಗೆ ಅವರೆಕಾಳಿನ ಉಪ್ಪಿಟ್ಟು ಮಾಡುತ್ತಿದ್ದೆ. ಕುದಿಯುವ ನೀರಿಗೆ ರವೆ ಸುರಿದು, ತಿರುವುತ್ತಾ, ಹಿಂದಿನ ರಾತ್ರಿ ತೆರೆದಿಟ್ಟಿದ್ದ ಯಾವುದೋ ಕಾದಂಬರಿಯ ಎರಡನೆಯ ಪ್ರಕರಣ ನೋಡುತ್ತಿದ್ದೆ. ಹುಡುಗಿಯೊಬ್ಬಳು ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದಿದಳು. ಮುಂಗೈಯಿಂದ ಮೂಗು ಒರೆಸಿಕೊಂಡಳು. ನನ್ನ ಸೌಟು ನಿಂತಿತು. ಗೆಣ್ಣಿನಿಂದ ಪುಟ ಸರಿಸಿದೆ. ಅತ್ತೆ ರೊಟ್ಟಿ ಮುರಿದಳು, ಬಾಯಿಗಿಟ್ಟಳು.

"ಏನೋ ತಳ ಹಿಡೀತಿದೆ ಕಣೇ" ಎಂದು ಯಜಮಾನರು ಸ್ನಾನದ ಮನೆಯಿಂದಲೇ ಕೂಗಿದರು.

"ರೀ, ಸಿಕ್ತು ರೀ! ಮೂಗುಬೊಟ್ಟು ಸಿಕ್ತು!"

ಅವರು ಟವೆಲ್ಲು ಸುತ್ತಿಕೊಂಡು ಗಾಬರಿಯಿಂದ ಬಂದರು. "ಯಾವಾಗ ಕಳ್ಕೊಂಡಿದ್ದೆ?"

ಹೇಳಿದೆ. ಒಲೆ ಆರಿಸಿ, ಬಾಣಲೆ ಇಳಿಸಿ, ನನ್ನ ಮುಖ ನೋಡಿದರು. "ಅತ್ತೆ ಓದ್ತಿದ್ರಲ್ಲ, ಆ ಪುಸ್ತಕನಾ? ಒಳ್ಳೇದಾಯ್ತು ಬಿಡು. ಮೇಲಿಂದ ಹಾಕು ಡಬ್ಬಿಗೆ, ತಳದ್ದು ಬಿಟ್ಟು. ಉಪ್ಪಿನಕಾಯಿ ಇರ್ಲಿ ಜಾಸ್ತಿ." ಗೇಟಿನ ಹತ್ತಿರ ಸ್ಕೂಟರ್ ಹತ್ತುವ ಮೊದಲು ಒಮ್ಮೆ ಮೇಲೆ ನೋಡಿ, "ಇವತ್ತು ಬಟ್ಟೆಗಿಟ್ಟೆ ಒಗೀಬೇಡ, ಓದ್ಕೋ" ಎಂದರು. ಮಾತು ಕಡಿಮೆಯ ಮನುಷ್ಯ. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಬಟ್ಟೆ ಒಗೆಯಲಿಲ್ಲ. ಬಿಸಿಲು ಬಾಲ್ಕನಿಗೆ ಬಂದ ಮೇಲೆ ಚಾಪೆ ಹಾಕಿಕೊಂಡು ಕೂತೆ. ಕನ್ನಡವನ್ನು ನಾನು ನಿಧಾನವಾಗಿ ಓದುತ್ತೇನೆ. ಹಳೆಯ ಅಚ್ಚಿನ ಒತ್ತಕ್ಷರಗಳು ಅಲ್ಲಲ್ಲಿ ಕೂಡಿಕೊಂಡು ಇರುವೆಗಳ ಹಾಗೆ ಕಾಣುತ್ತವೆ. ಆದರೆ ಅಂದು ಓದುವುದು ಕಷ್ಟವಾಗಲಿಲ್ಲ, ಏಕೆಂದರೆ ನಾನು ಕೇಳುತ್ತಿದ್ದೆ. ಅತ್ತೆಯ ಮಾತು ಬಂದಾಗ ಅಮ್ಮ ಮೂಗಿನಿಂದ ಮಾತಾಡುತ್ತಿದ್ದದ್ದು, ಹುಡುಗಿ ಅಳುವ ಕಡೆ ದನಿ ಇಳಿಸದೆ ಬೇಗ ಬೇಗ ಓದಿಬಿಡುತ್ತಿದ್ದದ್ದು. ಚಂದ್ರೋದಯ ಬಂದಾಗ ನಾನೊಬ್ಬಳೇ ನಕ್ಕೆ. ಎರಡು ಪುಟ ತುಂಬ ಹುಟ್ಟುತ್ತಿದ್ದ ಅವನು. ಅಮ್ಮ ಇಲ್ಲಿ ಮಗುಚಿರಬೇಕು ಎಂದುಕೊಂಡು ನಾನೂ ಸರಿಸಿದೆ.

ಮಧ್ಯಾಹ್ನ ಅನ್ನ ಮೊಸರು ಕಲೆಸಿಕೊಂಡು ತಿಂದು ಮತ್ತೆ ಕೂತೆ. ಕೊನೆಯ ಪ್ರಕರಣ. ಅತ್ತಿಗೆಯ ಮಾತು ತಾಳಲಾರದೆ ಹುಡುಗಿ ಬೆಳಗಿನ ಜಾವ ಕೊಡ ಎತ್ತಿಕೊಂಡು ನೀರಿಗೆ ಹೋಗುವವಳಂತೆ ಕಲ್ಯಾಣಿಗೆ ಹೋಗುತ್ತಾಳೆ. ಕೊಡವನ್ನು ಮೆಟ್ಟಿಲ ಮೇಲಿಡುತ್ತಾಳೆ. ಇಳಿಯುತ್ತಾಳೆ. ಬೆಳಕು ಹರಿದು ಊರಿನವರು ಬಂದಾಗ ಮೆಟ್ಟಿಲ ಮೇಲೆ ಕೊಡ ಒಂದೇ ಇರುತ್ತದೆ. ಅಲ್ಲಿಗೆ ಮುಗಿಯಿತು. ಕೆಳಗೆ ಬಳ್ಳಿಯ ಚಿತ್ರ, ಅದರ ಪಕ್ಕದಲ್ಲಿ ಯಾವುದೋ ವಾಚನಾಲಯದ ಮಸುಕಾದ ಮುದ್ರೆ.

ನಾನು ಫೋನನ್ನು ಕೆಳಗಿಟ್ಟೆ. ಬೇರೆ ಪುಸ್ತಕವಿರಬೇಕು ಅನ್ನಿಸಿತು. ಮತ್ತೆ ಮೊದಲಿಗೆ ಹೋಗಿ ರೊಟ್ಟಿ ನೋಡಿದೆ, ದವಡೆ ನೋಡಿದೆ. ಅದೇ ಪುಸ್ತಕ. ಆದರೆ ಅಮ್ಮ ಓದಿದ ಕಥೆಯಲ್ಲಿ ಆ ಹುಡುಗಿ ಸಾಯಲಿಲ್ಲ. ಅವಳು ಪೇಟೆಯಲ್ಲಿದ್ದ ಅಕ್ಕನ ಮನೆಗೆ ಹೋದಳು, ಹೊಲಿಗೆ ಕಲಿತಳು, ತನ್ನ ಸಂಪಾದನೆಯಲ್ಲಿ ಹೊಸ ಮೂಗುಬೊಟ್ಟು ಮಾಡಿಸಿಕೊಂಡಳು. ನಾನು ಕೇಳಿದ್ದೇನೆ. ಕಂಬದ ಈಚೆಗೆ ಕೂತು ಕೇಳಿದ್ದೇನೆ.

ಹಾಗೇ ಕೂತಿದ್ದೆ. ಬಿಸಿಲು ಚಾಪೆಯಿಂದ ಜಾರಿ ಗೋಡೆಗೆ ಹೋಯಿತು. ಆಗ ನಿಧಾನವಾಗಿ ನೆನಪಾದವಳು ಕೊನೆಯ ಸಾಲಿನ ಮನೆಯ ಹುಡುಗಿ.

ಕಾರ್ಖಾನೆಯ ಫಿಟ್ಟರ್ ಒಬ್ಬರ ತಂಗಿ ಅವಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಟ್ರಂಕಿನೊಂದಿಗೆ ಅಣ್ಣನ ಮನೆಗೆ ಬಂದಿದ್ದಳು. ಯಾಕೆಂದು ಯಾರೂ ಎದುರಿಗೆ ಕೇಳಲಿಲ್ಲ, ಹಿಂದೆ ಎಲ್ಲರೂ ಕೇಳಿದರು. ಅವಳು ಜಗಲಿಯ ಮೇಲೆ ಕೂರುತ್ತಿರಲಿಲ್ಲ. ಮೆಟ್ಟಿಲ ಹತ್ತಿರ ಕೂತು, ಬಾಳೆನಾರು ಹಿಡಿದು ಕನಕಾಂಬರ ಕಟ್ಟುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಕಥೆ ಕಲ್ಯಾಣಿಯ ಹತ್ತಿರ ಬಂದ ದಿನ ಅವಳ ಕೈ ನಿಂತದ್ದು ನಾನು ಕಂಡಿದ್ದೆ. ಅರ್ಧ ಹಾಕಿದ ಗಂಟು ಹಾಗೇ ಬೆರಳಲ್ಲಿತ್ತು. ಅಮ್ಮನೂ ಕಂಡಿರಬೇಕು. ಯಾಕೆಂದರೆ ಅಲ್ಲಿ ಅವಳು ಸ್ವಲ್ಪ ನಿಲ್ಲಿಸಿ, ಕುಡಿಯಲು ನೀರು ಕೇಳಿದಳು. ನಾನೇ ಲೋಟ ತಂದುಕೊಟ್ಟೆ. ನೀರು ಕುಡಿದು, ಪುಸ್ತಕವನ್ನು ಸ್ವಲ್ಪ ಎತ್ತರಿಸಿ ಹಿಡಿದುಕೊಂಡು, ಮುಂದೆ ಓದಿದಳು. ಓದುತ್ತಾ ಓದುತ್ತಾ ಎಲ್ಲರೂ ನಕ್ಕರು.

ಹೌದು, ನಕ್ಕರು. ಅಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಕಥೆ ಕಲ್ಯಾಣಿಯ ಮೆಟ್ಟಿಲಿಗೆ ಬಂದಾಗ ಆ ಹೆಂಗಸರು ನಕ್ಕದ್ದು ಯಾಕೆ? ಅಲ್ಲಿ ನಗುವಂಥದ್ದು ಏನಿದೆ? ಹುಡುಗಿ ನೀರಿಗೆ ಇಳಿದದ್ದು ನೆನಪಿದೆ, ಅಕ್ಕನ ಮನೆಗೆ ಹೋದದ್ದು ನೆನಪಿದೆ, ನಡುವೆ ಅವಳನ್ನು ನೀರಿನಿಂದ ಹಿಂದಕ್ಕೆ ತಿರುಗಿಸಿದ್ದು ಏನು ಎಂಬುದು ಮಾತ್ರ ನೆನಪಿಲ್ಲ. ಅಮ್ಮ ನಿಂತ ನಿಲುವಿನಲ್ಲಿ ಹೊಸೆದ ಮಾತು ಅದು. ಯಾರೂ ಅಚ್ಚು ಹಾಕಿಲ್ಲ. ಯಾವ ಹುಡುಗಿಯ ಹೆಬ್ಬೆರಳೂ ಅದರ ಅಂಚನ್ನು ಹಿಡಿದಿಲ್ಲ. ಲೋಕದ ಪುಸ್ತಕವೆಲ್ಲ ಪುಕ್ಕಟೆ ಸಿಗುವ ಆ ಜಾಗದಲ್ಲಿ ಅದೊಂದು ಪುಟ ಇಲ್ಲ. ಕೇಳಿದವರು ಎಲ್ಲೆಲ್ಲೋ ಚದುರಿಹೋದರು. ಫಿಟ್ಟರಿಗೆ ಬೇರೆ ಊರಿಗೆ ವರ್ಗವಾಗಿ ಅವರ ತಂಗಿಯೂ ಹೋದಳು, ಎಲ್ಲಿದ್ದಾಳೋ. ಉಳಿದವಳು ನಾನು. ನನಗೇ ಮರೆತಿದೆ.

ಎದ್ದು ಓಡಾಡಿದೆ. ಪಾತ್ರೆ ತೊಳೆದೆ. ಯಾರಾದರೂ ಅವಳನ್ನು ಕರೆದರೇ? ದೇವಸ್ಥಾನದ ಗಂಟೆ ಬಾರಿಸಿತೇ? ಇಲ್ಲ, ಅಮ್ಮ ಅಂಥದ್ದನ್ನೆಲ್ಲ ತರುವವಳಲ್ಲ. ಗಂಟೆ ಬಾರಿಸಿದರೆ ಹೆಂಗಸರು ನಗುತ್ತಾರೆಯೇ? ಅಮ್ಮಾ, ಏನು ಹೇಳಿದೆ ನೀನು ಎಂದು ಸಿಂಕಿನ ಮುಂದೆ ನಿಂತು ಗಟ್ಟಿಯಾಗಿಯೇ ಕೇಳಿದೆ. ನಲ್ಲಿಯ ನೀರು ಹರಿಯುತ್ತಿತ್ತು. ಅವಳು ಹೋದ ದಿನದ ನಂತರ ಅವಳು ಅಷ್ಟು ಬೇಕು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಕಾಲೇಜಿನಿಂದ ಬಂದ ಮಗಳು ಕಾಫಿ ಕುಡಿದು, ನನ್ನ ಮುಖ ನೋಡಿ ಕೆಳಗೆ ಅಜ್ಜಿಯ ಹತ್ತಿರ ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಜ್ಜಿಯ ದನಿ ಬಂತು.

"ಏನವ್ವಾ ಮೇಲ್ಗಡೆಯೋಳೇ, ಬೆಳಗಿಂದ ಫೋನ್ ಇಡ್ಕೊಂಡು ಕುಂತಿದ್ದೀಯಂತೆ! ಕಾಳು ನೆನೆ ಆಕಿದ್ದೀನಿ, ಕೈ ಕೊಡು ಬಾ. ನಿಂಗೂ ಒಂದ್ ಪಾವು ಕೊಡ್ತೀನಿ."

ಹಿತಕಿದ ಬೇಳೆ ಒಬ್ಬರೇ ಮಾಡುವ ಕೆಲಸವಲ್ಲ. ನೆನೆದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹೊರಗೆ ಚಿಮ್ಮಿಸಬೇಕು. ಒಬ್ಬರೇ ಕೂತರೆ ಬೆನ್ನು ಹೋಗುತ್ತದೆ, ಇಬ್ಬರು ಕೂತರೆ ಮಾತು ಬರುತ್ತದೆ. ನಾನು ಫೋನು ಸೆರಗಿಗೆ ಸುತ್ತಿಕೊಂಡು ಇಳಿದೆ. ಮಗಳು ನನಗೆ ಜಾಗ ಬಿಟ್ಟು ಓದಲು ಮೇಲೆ ಹೋದಳು. ಅಜ್ಜಿ ಅಂಗಳದ ಲೈಟಿನ ಕೆಳಗೆ ಗೋಣಿಚೀಲ ಹಾಸಿ ಕಾಲು ಚಾಚಿ ಕೂತಿದ್ದರು. ಮುಂದೆ ದೊಡ್ಡ ಸ್ಟೀಲಿನ ಬೇಸಿನ್ನು.

"ಉಸಾರು ಕಣವ್ವ, ಈ ಬೇಸಿನ್ನು ಎದುರ್ಮನೆಯೋರ್ದು. ನಮ್ದು ಸಾಲ್ದು ಅಂತ ಇಸ್ಕೊಂಡೆ. ಮುಗುದ್ಮೇಲೆ ಬೆಳಗಿ ಕೊಟ್ಬುಡ್ಬೇಕು. ಒಂದು ಗೀರು ಬಿದ್ರೂ ಆ ಎಂಗ್ಸು ಬೀದಿಗೆಲ್ಲಾ ಸಾರ್ತದೆ."

ಇಬ್ಬರೂ ಒತ್ತತೊಡಗಿದೆವು. ಬೇಳೆಗಳು ಟಪ್ ಟಪ್ ಎಂದು ಬೇಸಿನ್ನಿಗೆ ಬಿದ್ದವು.

"ಅದೇನವ್ವ ಅಂಗ್ ನೋಡೋದು ಫೋನಾಗೆ?"

"ಪುಸ್ತಕ ಅಜ್ಜಿ. ಹಳೇದು. ಪುಕ್ಕಟೆ ಸಿಗುತ್ತೆ."

"ಪುಕ್ಸಟ್ಟೆ ಕೊಡೋರು ಯಾರವ್ವ ಈ ಕಾಲ್ದಾಗೆ? ಎಲ್ಲಿ, ಓದು ನೋಡಾನ. ನಂಗೆ ಕಣ್ ಕಾಣಾಕಿಲ್ಲ, ಕಿವಿ ಚೆನ್ನಾಗವೆ."

ಮೊದಲಿನ ಕಥೆಯನ್ನು ಬಾಯಲ್ಲೇ ಹೇಳಿದೆ. ರೊಟ್ಟಿಯ ಹತ್ತಿರ ಬಂದಾಗ ಅಜ್ಜಿ ಕೈಯಲ್ಲಿದ್ದ ಕಾಳು ಬಿಟ್ಟು ನಕ್ಕರು. "ದವಡೆಗೇ ಸಿಕ್ತಾ? ನಮ್ಮತ್ತೆಗೂ ಒಂದಿನ ಅಂಗಾಗ್ಬೇಕಿತ್ತು." ಹುಡುಗಿಯನ್ನು ತವರಿಗೆ ಅಟ್ಟಿದಾಗ, "ತೂ, ಅವ್ರ ಮನೆ ಆಳಾಗ" ಎಂದರು. ಕೊನೆಯ ಪ್ರಕರಣಕ್ಕೆ ಫೋನನ್ನು ಅಳತೆಯ ಪಾವಿಗೆ ಒರಗಿಸಿ ನಿಲ್ಲಿಸಿ ಓದತೊಡಗಿದೆ. ಅಜ್ಜಿಯ ಕೈ ನಡೆಯುತ್ತಿತ್ತು, ನನ್ನ ಕೈಯೂ ನಡೆಯುತ್ತಿತ್ತು. ಪುಟ ಮುಗಿದಾಗ ಗೆಣ್ಣಿನಿಂದ ಸರಿಸುತ್ತಿದ್ದೆ. ಅತ್ತಿಗೆಯ ಮಾತನ್ನು ಮೂಗಿನಿಂದ ಓದಿದೆ. ನನಗೆ ಗೊತ್ತಿಲ್ಲದೆಯೇ ಹಾಗೆ ಬಂತು. ಹುಡುಗಿ ಅತ್ತ ಕಡೆ ಬೇಗ ಬೇಗ ಓದಿದೆ.

"ಕೊಡ ಎತ್ಕೊಂಡು ಒಂಟ್ಳಾ?" ಅಜ್ಜಿ ತಲೆ ಎತ್ತಿದರು. "ಇಷ್ಟೊತ್ನಲ್ಲಿ?"

"ಹೂಂ."

ಅವರು ಮತ್ತೆ ಕಾಳಿನ ಕಡೆ ಬಗ್ಗಿದರು. ಒತ್ತುವುದು ಸ್ವಲ್ಪ ನಿಧಾನವಾಯಿತು. ನಾನು ಓದಿದೆ. ಹುಡುಗಿ ಕಲ್ಯಾಣಿಯ ಹತ್ತಿರ ಬಂದಳು. ಮೊದಲ ಮೆಟ್ಟಿಲು ಇಳಿದಳು. ಮತ್ತೂ ಇಳಿದಳು. ನೀರು ಪಾದಕ್ಕೆ ಬಂತು, ಸೀರೆಯ ಅಂಚಿಗೆ ಬಂತು, ಮೊಣಕಾಲಿಗೆ ಬಂತು. ಅಲ್ಲಿಗೆ ಪುಟ ಮುಗಿದಿತ್ತು. ನನ್ನ ಎರಡೂ ಕೈ ತುಂಬ ನೆನೆದ ಕಾಳಿತ್ತು, ಬೆರಳೆಲ್ಲ ಲೋಳೆ ಲೋಳೆ. ಅಜ್ಜಿ ಕಾಯುತ್ತಿದ್ದರು. ಎದುರಿಗೆ ಆ ಬೇಸಿನ್ನು ಲೈಟಿಗೆ ಹೊಳೆಯುತ್ತಿತ್ತು, ಯಾರದೋ ಮನೆಯ ಬೇಸಿನ್ನು, ಬೆಳಗಿ ಕೊಡಬೇಕಾದದ್ದು.

"ಆಗ ಕೊಡ ತೇಲಿತು" ಎಂದೆ.

ಆ ಮಾತು ಎಲ್ಲಿಂದ ಬಂತೋ. ಅದರ ಹಿಂದೆಯೇ ಉಳಿದದ್ದೂ, ಜಗಲಿಯ ಕಂಬಕ್ಕೆ ಒರಗಿ ಕೂತವಳ ದನಿಯಲ್ಲೇ, ತಡೆಯಿಲ್ಲದೆ ಬಂತು.

"ಮೆಟ್ಟಿಲ ಮೇಲಿಟ್ಟಿದ್ದ ಕೊಡ ಅಲೆಗೆ ಜಾರಿ ತೇಲಿಕೊಂಡು ಹೊರಟಿತು. ಹುಡುಗಿ ತಿರುಗಿ ನೋಡಿದಳು. ಅಯ್ಯೋ, ಅದು ಪಕ್ಕದ ಮನೆಯವರ ಕೊಡ! ಅತ್ತಿಗೆಯ ಕೊಡ ಸೋರುತ್ತಿತ್ತು ಅಂತ ಕೇಳಿ ತಂದದ್ದು. ಸಾಯುವುದಾದರೆ ನಾಳೆಯೂ ಸಾಯಬಹುದು, ಕೊಡ ಕಳೆದರೆ ಆ ಹೆಂಗಸಿಗೆ ಉತ್ತರ ಹೇಳುವವರು ಯಾರು ಅಂದುಕೊಂಡು ಸೀರೆ ಎತ್ತಿ ಕಟ್ಟಿದಳು."

ಇದಕ್ಕೇ ಜಗಲಿಯ ಹೆಂಗಸರು ನಕ್ಕದ್ದು. ಅಕ್ಕಿಯ ಮೊರ ಅಲುಗಾಡುವ ಹಾಗೆ, ಉಲ್ಲನ್ ಉಂಡೆ ಮಡಿಲಿನಿಂದ ಉರುಳಿ ಅಂಗಳಕ್ಕೆ ಹೋಗುವ ಹಾಗೆ ನಕ್ಕರು. ಮೆಟ್ಟಿಲ ಹತ್ತಿರ ಕೂತಿದ್ದವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಮ್ಮ ಮಾತ್ರ ನಗಲಿಲ್ಲ. ಕಣ್ಣನ್ನು ಪುಟದ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಓದುವವಳಂತೆ ಮುಂದುವರಿಸಿದಳು.

ನಾನೂ ಮುಂದುವರಿಸಿದೆ. ಕೊಡ ಮುಂದೆ ಮುಂದೆ ಹೋಯಿತು, ಹುಡುಗಿ ದಂಡೆಗುಂಟ ಹಿಂದೆ ಹಿಂದೆ ಹೋದಳು. ಒಮ್ಮೆ ಕೈಗೆ ಸಿಕ್ಕಿತು ಎನ್ನುವಾಗ ಮತ್ತೆ ಜಾರಿತು. ಬೈದಳು ಅದನ್ನು. ಅತ್ತೆಗೆ, ಅತ್ತಿಗೆಗೆ, ಗಂಡನಿಗೆ ಬೈಯಬೇಕಾದದ್ದನ್ನೆಲ್ಲ ಆ ಕೊಡಕ್ಕೆ ಬೈದಳು. ಆಕಾಶ ಕೆಂಪಾಗುತ್ತಿತ್ತು. ರೈಲೊಂದು ಕೂಗಿ ಹೋಯಿತು. ಕಾಳು ಒತ್ತುವುದನ್ನು ನಾವಿಬ್ಬರೂ ಯಾವಾಗ ಬಿಟ್ಟೆವೋ ಗೊತ್ತಿಲ್ಲ.

ಅಜ್ಜಿ ಕೈ ಚಾಚಿ, ಬೇಸಿನ್ನಿನ ಅಂಚಿಗೆ ಅಂಟಿದ್ದ ಒಂದು ಸಿಪ್ಪೆಯನ್ನು ತೆಗೆದು ಎಸೆದರು. ಪಾವಿಗೆ ಒರಗಿದ್ದ ಫೋನಿನ ಕಡೆ ಒಮ್ಮೆ ನೋಡಿದರು.

"ಅದ್ರ ಬೆಳಕು ಆವಾಗ್ಲೇ ಆರೋಗೈತೆ ಕಣವ್ವ" ಎಂದರು. "ಅದಿರ್ಲಿ, ಕೊಡ ಸಿಕ್ತಾ ಇಲ್ವಾ?"